ಮುದ್ರೆಯಿಲ್ಲದ ಟಪಾಲು

ಬೀಜ ಇರುವ ಕವರಿಗೆ ಮುದ್ರೆ ಹೊಡೆಯುವುದಕ್ಕೊಂದು ಕ್ರಮವಿದೆ. ಮೊದಲು ಕವರನ್ನು ಅಂಗೈ ಮೇಲಿಟ್ಟು ಬೆರಳಿನಿಂದ ಸವರಬೇಕು. ಒಳಗೆ ಮರಳಿನಂತೆ ಜರಜರ ಅಂದರೆ ಹರಿವೆ. ಚಪ್ಪಟೆಯಾಗಿ ಜಾರಿದರೆ ಸೌತೆ, ಮೊಗೆ, ಇಲ್ಲವೇ ಹೀರೆ. ಸಣ್ಣ ಗಂಟಿನ ಹಾಗೆ ಒಂದೇ ಕಡೆ ಕೂತಿದ್ದರೆ ಯಾರೋ ಬದನೆ ಬೀಜವನ್ನು ಬಟ್ಟೆ ಚೂರಿನಲ್ಲಿ ಕಟ್ಟಿದ್ದಾರೆ ಅಂತ ಲೆಕ್ಕ. ಅದನ್ನು ಕೆಳಗಿನ ಮೂಲೆಗೆ ಕುಲುಕಿ ಇಳಿಸಿ, ಸ್ಟಾಂಪಿನ ಮೇಲೆ ಮಾತ್ರ ಹಗುರಾಗಿ ಒತ್ತಬೇಕು. ಜೋರಾಗಿ ಕುಟ್ಟಿದರೆ ಒಂದು ಮನೆಯ ಮಳೆಗಾಲದ ಪಲ್ಯ ಹೋಯಿತು. ಇಲಾಖೆಯ ಯಾವ ಪುಸ್ತಕದಲ್ಲೂ ಇದು ಬರೆದಿಲ್ಲ. ನಾನು ಕಲಿತದ್ದು ಒಂದು ಸಲ ಕುಟ್ಟಿ, ಆಮೇಲೆ ಬೈಸಿಕೊಂಡು.

ಸಾಗರ ತಾಲೂಕಿನ ಕರೂರು ಹೋಬಳಿಯಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿ, ನಾನು 1975ರಿಂದ 2019ರವರೆಗೆ ಟಪಾಲು ಹಂಚಿದೆ. ಸೇರಿದಾಗ ನಮ್ಮನ್ನು ‘ಇ.ಡಿ.’, ಅಂದರೆ ‘ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್’, ಅನ್ನುತ್ತಿದ್ದರು, ಬಿಡುವಾಗ ‘ಗ್ರಾಮೀಣ ಡಾಕ್ ಸೇವಕ’ ಎಂದು ದೊಡ್ಡ ಹೆಸರಾಗಿತ್ತು. ನಡಿಗೆ ಮಾತ್ರ ಅದೇ. ಕವರಿನಲ್ಲಿ ಬರುವ ಬೀಜಕ್ಕಿಂತ ಹೆಚ್ಚಿನದು ಸ್ಟಾಂಪೇ ಇಲ್ಲದೆ ನನ್ನ ಚೀಲ ಸೇರುತ್ತಿತ್ತು. “ತಮ್ಮಾ, ಆ ಕೆಳಗಿನ ಮನೆ ದಾಟಿಯೇ ಹೋಗ್ತೀಯಲ್ಲ, ಇದನ್ನೊಂದು ಕೊಟ್ಟುಬಿಡು” ಎಂದು ಹೆಂಗಸರು ಬಾಳೆಪಟ್ಟೆಯಲ್ಲಿ ಕಟ್ಟಿದ ಗಂಟನ್ನೋ, ಒದ್ದೆ ಬಟ್ಟೆ ಸುತ್ತಿದ ಬಸಳೆ ಬಳ್ಳಿಯನ್ನೋ ಕೈಗಿಡುತ್ತಿದ್ದರು. ಕಾನೂನಿನ ಪ್ರಕಾರ ಅದು ತಪ್ಪು. ಈಗ ನಿವೃತ್ತನಾಗಿದ್ದೇನೆ, ಹೇಳಿದರೆ ತೊಂದರೆಯಿಲ್ಲ.

ನಮ್ಮ ಕಡೆ ಊರು ಎಂದರೆ ಬಯಲುಸೀಮೆಯಂತೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಬೀದಿಯಲ್ಲ. ಒಂದು ಕಣಿವೆಯಲ್ಲಿ ಅಡಿಕೆ ತೋಟ, ಅದರ ತಲೆಯಲ್ಲಿ ಒಂದು ಮನೆ. ನಡುವೆ ಕಾನು, ಸೊಪ್ಪಿನ ಬೆಟ್ಟ, ಹಳ್ಳ, ಗದ್ದೆ. ಆಮೇಲೆ ಇನ್ನೊಂದು ಮನೆ. ಮೊದಲ ಮನೆಯ ನಾಯಿ ಬೊಗಳಿದ್ದು ಎರಡನೆಯ ಮನೆಗೆ ಕೇಳಿಸದು. ಇದರಿಂದ ಟಪಾಲಿನವನಿಗೆ ಕಾಲು ನೋವು, ತರಕಾರಿಗೆ ಮಾತ್ರ ಭಾಗ್ಯ. ಮೊಗೆ, ಹೀರೆ, ಕುಂಬಳಗಳ ಹೂವಿಗೆ ಜೇನು ಬಂದು ಕೂತು ಪಕ್ಕದ ಬಳ್ಳಿಯ ಗುಣವನ್ನು ಬೆರೆಸಿಬಿಡುತ್ತದೆ. ಮನೆಗಳ ನಡುವೆ ಅಷ್ಟು ಕಾಡಿದ್ದರೆ ಬೆರಕೆ ಕಡಿಮೆ. ಹಾಗಾಗಿ ಒಂದೊಂದು ಮನೆಯ ಮೊಗೆಕಾಯಿಗೆ ಒಂದೊಂದು ಚಹರೆ ಉಳಿದಿತ್ತು. ಒಂದು ಕಡೆ ಗಿಡ್ಡ, ದಪ್ಪ, ಹಳದಿ ಪಟ್ಟೆ. ಗುಡ್ಡ ಹತ್ತಿ ಇಳಿದರೆ ಉದ್ದ, ಬೂದು ಬಣ್ಣ, ಹೊಸ ಬೆಳೆ ಬರುವ ತನಕ ಅಟ್ಟದಲ್ಲಿ ತೂಗಿಟ್ಟರೂ ಕೆಡದ್ದು. ಹಿತ್ತಲು ನೋಡಿ ಇದು ಯಾರ ಮನೆ ಎಂದು ಹೇಳಬಲ್ಲವನಾಗಿದ್ದೆ. ಬಾಗಿಲಿನ ನಂಬರು ನಮ್ಮಲ್ಲಿ ಇರಲೇ ಇಲ್ಲ.

ಆಗೆಲ್ಲ ಮಳೆ ಹಿಡಿದರೆ ಸಂತೆಯೂ ಇರಲಿಲ್ಲ. ಅಂಗಡಿಗೆ ಬರುತ್ತಿದ್ದುದು ಉಪ್ಪು, ಬೆಲ್ಲ, ಸೀಮೆಎಣ್ಣೆ. ಹಿನ್ನೀರು ದಾಟಿಸುವ ಸಂಜೆಯ ಕೊನೆಯ ಲಾಂಚು ಹೊರಟರೆ ಬೆಳಗಿನವರೆಗೆ ನಾವು ದ್ವೀಪದವರಾಗುತ್ತಿದ್ದೆವು. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಟ್ಟಲಿಗೆ ಏನು ಬೀಳಬೇಕೋ ಅದು ಹಿತ್ತಲಿನಿಂದಲೇ ಬರಬೇಕಿತ್ತು: ಕೆಸುವಿನ ಸೊಪ್ಪು, ಹಾಗಲ, ಪಡುವಲ, ಮುಳ್ಳುಸೌತೆ, ಸೂಜಿಮೆಣಸು, ಬಾವಿಕಟ್ಟೆಯ ತಂಪಿನಲ್ಲಿ ಹಬ್ಬಿದ ಒಂದೆಲಗ. ಒಂದು ಮನೆಯಲ್ಲಿ ಬೀಜ ಕೊಳೆತರೆ ಆ ವರ್ಷ ಅವರಿಗೆ ಆ ತರಕಾರಿ ಇಲ್ಲ. ಪಕ್ಕದ ಕಣಿವೆಯ ಮನೆಯಲ್ಲಿ ಅದೇ ಬೀಜ ಇದ್ದರೆ ಮಾತ್ರ ಮುಂದಿನ ವರ್ಷ ಇದೆ. ಕೊಡುವುದು ಔದಾರ್ಯ ಎಂದು ಪಟ್ಟಣದವರು ಅಂದುಕೊಳ್ಳುತ್ತಾರೆ. ನಮ್ಮ ಹೆಂಗಸರಿಗೆ ಅದು ದಾಸ್ತಾನು ಮಾಡುವ ಉಪಾಯ. ತನ್ನ ಬೀಜದ ಒಂದು ಪಾಲನ್ನು ಇನ್ನೊಬ್ಬಳ ಮನೆಯ ಅಟ್ಟದಲ್ಲಿ ಇಡುವುದು, ಅಷ್ಟೇ. ಇದು ನನಗೆ ಪುಸ್ತಕ ಓದಿ ತಿಳಿದದ್ದಲ್ಲ. ನನ್ನ ಅವ್ವನಿಂದ ತಿಳಿಯಿತು, ಅದೂ ಬಹಳ ತಡವಾಗಿ.

ನಾನು ಹುಟ್ಟಿದ ಮನೆ ಈಗ ನೀರಿನಡಿ ಇದೆ. ಶರಾವತಿಗೆ ಮೊದಲು ಕಟ್ಟಿದ್ದು ಮಡೇನೂರಿನ ಹತ್ತಿರದ ಹಿರೇಭಾಸ್ಕರ ಅಣೆಕಟ್ಟು. ಅದರ ನೀರಿನಿಂದ ಜೋಗದಲ್ಲಿ 1948ರಲ್ಲಿ ವಿದ್ಯುತ್ತು ಶುರುವಾಯಿತು. ಆ ನೀರು ನಮ್ಮ ತನಕ ಬರಲಿಲ್ಲ. ಆಮೇಲೆ ಲಿಂಗನಮಕ್ಕಿ ಬಂತು, 1964ರಲ್ಲಿ. ಅದು ಹಳೆಯ ಅಣೆಕಟ್ಟನ್ನೂ ಸೇರಿಸಿ ಮುಳುಗಿಸಿತು. 1,819 ಅಡಿ ಎಂಬ ಅಂಕಿಯನ್ನು ನಮ್ಮ ಕಡೆ ಓದು ಬಾರದ ಮುದುಕಿಯರೂ ಹೇಳುತ್ತಾರೆ; ನೀರು ನಿಲ್ಲುವ ಮಟ್ಟ ಅದು. ಆ ಗೆರೆಗಿಂತ ಕೆಳಗಿದ್ದವರು ಹೊರಡಬೇಕು, ಮೇಲಿದ್ದವರು ಉಳಿಯಬಹುದು. ನಮ್ಮ ಗದ್ದೆ, ಮನೆ, ಹಿತ್ತಲು ಎಲ್ಲವೂ ಕೆಳಗೆ. ನೆಂಟರಲ್ಲಿ ಅರ್ಧ ಜನ ಲಾರಿ ಹತ್ತಿ ಶಿವಮೊಗ್ಗದ ಕಡೆ ಹೋದರು. ಅಪ್ಪ ಹಟ ಹಿಡಿದು ಗುಡ್ಡ ಹತ್ತಿದ.

ಅವ್ವ ಹೊರಡುವಾಗ ಕಟ್ಟಿದ ಗಂಟು ನನಗೆ ನೆನಪಿದೆ. ನನಗಾಗ ಹತ್ತು ವರ್ಷ ತುಂಬಿರಲಿಲ್ಲ. ಪಾತ್ರೆ, ಒನಕೆ, ಬೀಸುವ ಕಲ್ಲು ಇವೆಲ್ಲ ಗಾಡಿಗೆ ಹೋದವು. ಬೀಜ ಮಾತ್ರ ತನ್ನ ಮಡಿಲಲ್ಲಿ. ಸೋರೆಬುರುಡೆಯೊಳಗೆ ಬೂದಿ ಬೆರೆಸಿದ ಅಲಸಂದೆ, ಅವರೆ. ಮೊಗೆ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿದ್ದಳು. ಆ ಬಿಲ್ಲೆಗಳನ್ನು ಗೋಡೆಯ ಮಣ್ಣಿನ ಸಮೇತ ಕತ್ತಿಯಿಂದ ಎಬ್ಬಿ ತೆಗೆದಳು. ಬಸಳೆ, ತೊಂಡೆಯ ತುಂಡುಗಳನ್ನು ಬಾಳೆಯ ದಿಂಡಿನೊಳಗೆ ಸಿಕ್ಕಿಸಿದಳು, ಒಣಗಬಾರದು ಎಂದು. ಅರಿಶಿನ, ಕೆಸುವಿನ ಗಡ್ಡೆ ಒಂದು ಕುಕ್ಕೆಯಲ್ಲಿ. ಹೊಳೆಬದಿಯ ಅಪ್ಪೆಮಿಡಿ ಮರವನ್ನು ಏನೂ ಮಾಡಲು ಬರಲಿಲ್ಲ. ಅದರ ಮಿಡಿಗೆ ಜೀರಿಗೆಯ ವಾಸನೆ. ಗೊರಟು ನೆಟ್ಟರೆ ತಾಯಿಮರದ ಗುಣ ಬರುವುದಿಲ್ಲ, ಕಸಿ ಕಟ್ಟುವ ವಿದ್ಯೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪೆಮಿಡಿ ಹೊಳೆದಂಡೆಯ ಮರ. ನೀರು ಮೊದಲು ನುಂಗಿದ್ದೂ ಹೊಳೆದಂಡೆಯನ್ನೇ. ಹಾಗೆ ಹೋದ ಮಿಡಿಗಳ ಹೆಸರನ್ನು ಈಗ ಉಪ್ಪಿನಕಾಯಿ ಭರಣಿ ತೆಗೆಯುವಾಗ ಮುದುಕರು ಹೇಳುತ್ತಾರೆ, ತೀರಿಹೋದ ನೆಂಟರನ್ನು ನೆನೆಸಿದಂತೆ.

ಗುಡ್ಡದ ಮೇಲೆ ಬಿಡಾರ ಹಾಕಿದ ಮೊದಲ ಮಳೆಗಾಲವೇ ಅರ್ಧ ಬೀಜ ಹೋಯಿತು. ಜಂಬಿಟ್ಟಿಗೆಯ ನೆಲ, ಮೇಲ್ಮಣ್ಣು ಬೆರಳುದ್ದ ಇಲ್ಲ. ಕೆಳಗಿನ ಹಿತ್ತಲಿಗೆ ಎಷ್ಟು ವರ್ಷದ ಗೊಬ್ಬರ, ಬೂದಿ, ಬಚ್ಚಲ ನೀರು ಬಿದ್ದಿತ್ತೋ! ಹಿತ್ತಲೆಂದರೆ ಜಾಗವಲ್ಲ, ನೂರು ವರ್ಷ ಎಸೆದ ಕಸ. ಅದನ್ನು ಗಾಡಿಗೆ ಹೇರಿ ತರಲು ಆಗುವುದಿಲ್ಲ. ಆ ವರ್ಷ ಹೋದದ್ದರಲ್ಲಿ ಅವ್ವ ಬಹಳ ಹಲುಬಿದ್ದು ಒಂದು ಬದನೆಗೆ. ಹಸಿರು ಮೈಮೇಲೆ ಬಿಳಿ ಗೆರೆ, ಗೇಣುದ್ದ, ಬೀಜ ಕಡಿಮೆ. ಸುಟ್ಟು ಗೊಜ್ಜು ಮಾಡಿದರೆ ಸಿಪ್ಪೆ ಕೈಗೆ ಬಂದುಬಿಡುತ್ತಿತ್ತು. ಅದೇ ಹೊತ್ತಿಗೆ ದೇಶಕ್ಕೇ ಧಾನ್ಯದ ಕೊರತೆ. ಪ್ರಧಾನಿ ಶಾಸ್ತ್ರಿಯವರು ಸೋಮವಾರ ಒಂದು ಹೊತ್ತು ಊಟ ಬಿಡಿ ಎಂದು ಕೇಳಿಕೊಂಡಿದ್ದರು; ನಮಗೆ ಸೋಮವಾರಕ್ಕೂ ಮಂಗಳವಾರಕ್ಕೂ ಅಂಥ ವ್ಯತ್ಯಾಸ ಇರಲಿಲ್ಲ. ರೇಷನ್ನಿನಲ್ಲಿ ಅಮೆರಿಕದ ಗೋಧಿ ಬರುತ್ತಿತ್ತು. ಅಂಥ ಧಾನ್ಯದ ಜೊತೆಗೇ ಬಂತು ಎನ್ನುವ ‘ಕಾಂಗ್ರೆಸ್ ಗಿಡ’ ಈಗಲೂ ರಸ್ತೆ ಬದಿಗಿದೆ. ಯಾರೂ ಕೇಳದೆ, ಯಾರೂ ಕೊಡದೆ, ಅದರ ಬೀಜ ಮಾತ್ರ ಎಲ್ಲರಿಗೂ ಸಿಕ್ಕಿತು. ಬೆಟ್ಟ ತುಂಬಿದ ಇನ್ನೊಂದು ಕಳೆಗೆ ನಮ್ಮವರು ‘ಕಮ್ಯುನಿಸ್ಟ್ ಗಿಡ’ ಎಂದು ಹೆಸರಿಟ್ಟು ಪಕ್ಷಪಾತ ಮಾಡಲಿಲ್ಲ.

ಇಲ್ಲಿ ಒಂದು ಹಳೆಯ ಲೆಕ್ಕ ಹೇಳಬೇಕು. ನಾವು ದೀವರು. ಅಪ್ಪ ಗೇಣಿ ಒಕ್ಕಲು. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದು ಕೊಳಗದ ಸಲುವಾಗಿ. ಗೇಣಿ ಭತ್ತ ಅಳೆಯುವಾಗ ಒಡೆಯರ ಮನೆಯ ಕೊಳಗ ದೊಡ್ಡದು ಎಂಬುದೇ ಜಗಳದ ಮೂಲ. ಎಚ್. ಗಣಪತಿಯಪ್ಪನವರು ಕಟ್ಟಿದ ಹೋರಾಟ ಅದು. ಶಾಂತವೇರಿ ಗೋಪಾಲಗೌಡರು ಬಂದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಚರಿತ್ರೆಯ ಪುಸ್ತಕದಲ್ಲಿ ಇದೆಲ್ಲ ಇದೆ. ಪುಸ್ತಕದಲ್ಲಿ ಇಲ್ಲದ್ದು ಹಿತ್ತಲಿನ ಲೆಕ್ಕ. ಗದ್ದೆಯ ಭತ್ತಕ್ಕೆ ಕೊಳಗವಿತ್ತು, ಹಿತ್ತಲಿನ ಬೀಜಕ್ಕೆ ಮುಷ್ಟಿಯೇ ಅಳತೆ. ಹಾಗೆಂದು ಹಿತ್ತಲು ಪೂರ್ತಿ ನಮ್ಮದಾಗಿತ್ತು ಎನ್ನಲಾರೆ. ನಮ್ಮ ಮನೆಯಲ್ಲಿ ವರ್ಷದ ಮೊದಲ ಸೌತೆ, ಮೊದಲ ಬದನೆ, ಮೊದಲ ಕುಂಬಳ ಒಡೆಯರ ಮನೆಗೆ ಹೋಗಬೇಕಿತ್ತು. ಅಪ್ಪ ಅಂಗಳದ ಅಂಚಿನಲ್ಲಿ ಬುಟ್ಟಿ ಇಳಿಸಿ ನಿಲ್ಲುತ್ತಿದ್ದ. ಮನೆಯ ಅಮ್ಮ ಹೊರಗೆ ಬಂದು ತರಕಾರಿಗೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಇದನ್ನು ಹಂಚಿ ತಿನ್ನುವ ಸಂಸ್ಕೃತಿ ಎಂದು ಯಾರಾದರೂ ಭಾಷಣ ಮಾಡಿದರೆ ನಾನು ಎದ್ದು ಹೋಗುತ್ತೇನೆ.

ಟಪಾಲಿಗೆ ಸೇರಿದ ಮೇಲೂ ಕೆಲವು ಮನೆಗಳಲ್ಲಿ ನನಗೆ ಕಾಫಿ ಬರುತ್ತಿದ್ದುದು ಬೇರೆ ಲೋಟದಲ್ಲಿ. ಕುಡಿದು ತೊಳೆದು ಜಗಲಿಯ ಮೂಲೆಯಲ್ಲಿ ಕವುಚಿ ಇಡಬೇಕು. ಅನ್ನದ ಮಾತಂತೂ ಇಲ್ಲವೇ ಇಲ್ಲ. ಆದರೆ ಅದೇ ಅಮ್ಮ ಸೆರಗಿನಲ್ಲಿ ಬೀಜ ತಂದು, “ನಿಮ್ಮ ಕೇರಿಯಲ್ಲಿ ಆ ಬಿಳಿ ಹಾಗಲ ಇದೆಯಂತಲ್ಲ, ನಾಲ್ಕು ಬೀಜ ಸಿಗುತ್ತದೆಯೇನೋ ನೋಡು, ಬದಲಿಗೆ ಇದನ್ನು ಕೊಡು” ಅನ್ನುತ್ತಿದ್ದರು. ನಮ್ಮ ಕೇರಿಯಿಂದ ಬಂದ ಬೀಜಕ್ಕೆ ಅವರು ನೀರು ಚಿಮುಕಿಸಿದ್ದನ್ನು ನಾನು ನೋಡಿಲ್ಲ. ಬೇಯಿಸಿದ ಅನ್ನ ದಾಟದ ಹೊಸಿಲನ್ನು ಬೀಜ ದಾಟುತ್ತಿತ್ತು. ಬದನೆ ಬೀಜಕ್ಕೆ ಮಡಿ ಎಲ್ಲಿಂದ ಶುರುವಾಗುತ್ತದೆ, ಮಣ್ಣಿನಲ್ಲೋ ಪಾತ್ರೆಯಲ್ಲೋ ಎಂದು ಒಮ್ಮೆ ಕೇಳಬೇಕು ಅನಿಸಿತ್ತು. ಕೇಳಲಿಲ್ಲ. ದಿನಾ ಹೋಗುವ ಮನೆ.

1981ರ ಚಳಿಗಾಲ. ನನ್ನ ದಾರಿಯ ಕೊನೆಯ ಮನೆಗಳಲ್ಲೊಂದಕ್ಕೆ ಮನಿಆರ್ಡರ್ ಒಯ್ದಿದ್ದೆ. ಬೆಂಗಳೂರಿನ ಹೋಟೆಲೊಂದರಲ್ಲಿದ್ದ ಮಗ ಕಳಿಸಿದ್ದು. ರುಜು ಹಾಕಿಸಲು ಹಿತ್ತಲ ಕಡೆ ಬಳಸಿ ಹೋದೆ. ಬಚ್ಚಲ ನೀರಿನ ಕಾಲುವೆ ಬದಿಗೆ ಐದಾರು ಬದನೆ ಗಿಡ. ಹಸಿರು ಮೈ, ಬಿಳಿ ಗೆರೆ, ಗೇಣುದ್ದ. ನಾನು ಬೆರಳು ತೋರಿಸಿ, “ಅಮ್ಮಾ, ಇದು ಎಲ್ಲಿಯದು?” ಎಂದೆ. ಅವರು ಮೊದಲು ನನ್ನ ಬೆರಳು ಮಡಚಿಸಿದರು. ಮಿಡಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ, ಅದು ಎಲ್ಲರಿಗೂ ಗೊತ್ತು. ಆಮೇಲೆ ಹೇಳಿದರು: ಅದು ತವರಿನಿಂದ ತಂದದ್ದು. ತವರು ಯಾವುದು? ಮುಳುಗಿತಲ್ಲ, ಅಲ್ಲಿಯದು. ಮನೆಯ ಹೆಸರು ಹೇಳಿದರು. ನನ್ನ ಅಪ್ಪ ಅಂಗಳದ ಅಂಚಿನಲ್ಲಿ ಬುಟ್ಟಿ ಇಳಿಸಿ ನಿಲ್ಲುತ್ತಿದ್ದ ಮನೆ ಅದು.

ಅಂದರೆ ಬಲವಂತದ ಕಾಣಿಕೆಯಾಗಿ ಹೋದ ಬದನೆಯಲ್ಲಿ ಒಂದನ್ನು ಆ ಮನೆಯಲ್ಲಿ ಬೀಜಕ್ಕೆ ಬಿಟ್ಟಿದ್ದಾರೆ. ಮಗಳು ಮದುವೆಯಾಗಿ ಬರುವಾಗ ಆ ಬೀಜ ಅವಳ ಪೆಟ್ಟಿಗೆಯಲ್ಲಿ ಗುಡ್ಡದ ಈಚೆ ಬಂದಿದೆ. ನೀರು ಏರುವಾಗ ಅದು ಆ ಕಣಿವೆಯಲ್ಲಿ ಇರಲೇ ಇಲ್ಲ. ನಮ್ಮ ಕಡೆಯ ತರಕಾರಿಗಳ ಚರಿತ್ರೆ ಬರೆಯುವುದಾದರೆ ರಾಜರ ವಂಶಾವಳಿಗಿಂತ ಮದುವೆಯ ಸಂಬಂಧಗಳ ಪಟ್ಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎರಡು ಕಾಯಿ, ಒಂದು ಹಣ್ಣು ಬದನೆ ಕೊಟ್ಟರು. ಅವ್ವ ಕೆಂಡದಲ್ಲಿ ಸುಟ್ಟಳು. ಸಿಪ್ಪೆ ಸುಲಿದಳು. ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಅದಲ್ಲ ಮಗಾ” ಅಂದಳು. ಇನ್ನೊಂದು ತುತ್ತು ಹಾಕಿಕೊಂಡು, “ಆದ್ರೆ ಅದ್ರ ವಂಶದ್ದೇಯ. ಮಣ್ಣು ಬ್ಯಾರೆ ಆಗೇತಿ.” ಮರುದಿನ ಅವಳು ಆ ಮನೆಗೆ ನನ್ನ ಕೈಯಲ್ಲಿ ಬಿಳಿ ಹಾಗಲದ ಬೀಜ ಕಳಿಸಿದಳು. ನಾನು ಅಪ್ಪನ ಬುಟ್ಟಿಯ ಕಥೆ ತೆಗೆದೆ. “ಅದು ಅದೇ, ಇದು ಇದೇ” ಎಂದು ಬಾಯಿ ಮುಚ್ಚಿಸಿದಳು.

ಆ ಬದನೆಯ ಕಾರಣಕ್ಕೇ ನಾನು ಹಳೆಯ ಪುಸ್ತಕ ಹುಡುಕಲು ಹೋದದ್ದು. ಸಾಗರದ ಗ್ರಂಥಾಲಯದಲ್ಲಿ ಒಬ್ಬ ಮೇಷ್ಟರು ಮಂಗರಸನ ‘ಸೂಪಶಾಸ್ತ್ರ’ ತೋರಿಸಿದರು. ಹದಿನಾರನೆಯ ಶತಮಾನದ ಆರಂಭದ ಕವಿ, ವಾರ್ಧಕ ಷಟ್ಪದಿಯಲ್ಲಿ ಅಡುಗೆ ಹೇಳುತ್ತಾನೆ. ಬದನೆಗೆ ಎಷ್ಟು ಬಗೆ, ಬಾಳೆ-ಹಲಸಿಗೆ ಎಷ್ಟು ಬಗೆ! ಅದಕ್ಕೂ ಐದು ಶತಮಾನ ಹಿಂದೆ, 1025ರ ಸುಮಾರಿಗೆ, ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯ ‘ಲೋಕೋಪಕಾರ’ ಎಂಬ ಗ್ರಂಥದಲ್ಲಿ ಗಿಡಮರ ಸಾಕುವ ವೃಕ್ಷಾಯುರ್ವೇದವನ್ನೂ ಅಡುಗೆಯನ್ನೂ ಒಟ್ಟಿಗೇ ಇಟ್ಟಿದ್ದಾನೆ. ಹಿತ್ತಲಿಗೂ ಒಲೆಗೂ ನಡುವೆ ಗೋಡೆ ಹಾಕದ ಬುದ್ಧಿ ನನಗೆ ಇಷ್ಟವಾಯಿತು. ಇವರಿಬ್ಬರ ಅಡುಗೆಯಲ್ಲೂ ಖಾರ ಎಂದರೆ ಮೆಣಸು, ಅಂದರೆ ಕಾಳುಮೆಣಸು. ಮೆಣಸಿನಕಾಯಿ ಇಲ್ಲ. ಅದಿನ್ನೂ ಸಮುದ್ರ ದಾಟಿ ಬಂದಿರಲಿಲ್ಲ.

ಅದು ಬಂದ ದಾರಿ ನಮ್ಮ ಹೊಳೆಗೆ ದೂರವಲ್ಲ. ಶರಾವತಿ ಸಮುದ್ರ ಸೇರುವುದು ಹೊನ್ನಾವರದಲ್ಲಿ. ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದ ಮೇಲೆ ಈ ಕರಾವಳಿಯಲ್ಲಿ ಅವರ ಕಣ್ಣಿದ್ದದ್ದು ನಮ್ಮ ಕಾನಿನ ಮೆಣಸಿನ ಮೇಲೆ. ಹೊಳೆಯ ಮೇಲುಗಡೆ ಗೇರುಸೊಪ್ಪೆಯಲ್ಲಿ ಆಳುತ್ತಿದ್ದ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದೇ ಕರೆದರು. ಕಾಳುಮೆಣಸು ಹೇರಿಕೊಂಡು ಇಳಿದ ದೋಣಿಗಳು ಬರಿದೇ ಮೇಲೆ ಬಂದಿರಲಾರವು. ಅಮೆರಿಕ ಖಂಡದ ಗಿಡಗಳು ಹೀಗೆ ಒಂದೊಂದೇ ಹಿತ್ತಲು ಹೊಕ್ಕವು. ಬಂದವರಿಗೆ ನಮ್ಮ ಭಾಷೆ ಇಟ್ಟ ಹೆಸರು ನೋಡಿದರೆ ಊರಿನ ಕಟ್ಟೆಯಲ್ಲಿ ಕೂತವರು ಹೊಸಬನನ್ನು ನೋಡುವ ರೀತಿ ಕಾಣುತ್ತದೆ. ಪರಂಗಿಯವರ ಹಣ್ಣು ಪರಂಗಿ. ಸೀಮೆಯಿಂದ ಬಂದ ಬದನೆ ಸೀಮೆಬದನೆ, ಅದು ಬದನೆಯ ನೆಂಟನೂ ಅಲ್ಲ. ಬಟಾಟೆ, ಅನಾನಸು ತಮ್ಮ ಹೆಸರನ್ನೇ ಹೊತ್ತು ಬಂದವು. ಮೆಣಸಿನಕಾಯಿಯದು ಮಾತ್ರ ದೊಡ್ಡ ಕಥೆ. ಬಂದದ್ದು ಕಾಳುಮೆಣಸಿನ ಹೆಸರು ಹಿಡಿದುಕೊಂಡು, ಕೊನೆಗೆ ಒಲೆಯಲ್ಲಿ ಅದರ ಜಾಗವನ್ನೇ ಕಿತ್ತುಕೊಂಡಿತು. ಆದರೂ ನಮ್ಮ ಸುತ್ತಿನ ಮುದುಕಿಯರು ಕಾಳುಮೆಣಸನ್ನು ಈಗಲೂ ‘ಒಳ್ಳೆಮೆಣಸು’ ಅನ್ನುತ್ತಾರೆ. ಹಾಗಾದರೆ ಇನ್ನೊಂದು ಏನು ಎಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಸೂಜಿಮೆಣಸಿನ ಗಿಡವನ್ನಂತೂ ಯಾರೂ ನೆಡುವುದೇ ಇಲ್ಲ, ಹಕ್ಕಿ ತಿಂದು ಬೀಳಿಸಿದಲ್ಲಿ ಹುಟ್ಟುತ್ತದೆ. ನನ್ನ ಕಸುಬಿನವೇ, ಸಂಬಳವಿಲ್ಲದವು.

ಕೊಡುವುದಕ್ಕೆ ನಮ್ಮಲ್ಲಿ ಎರಡು ಹಬ್ಬಗಳಿದ್ದವು. ಒಂದು ಭೂಮಿ ಹುಣ್ಣಿಮೆ, ಆಶ್ವಯುಜದ್ದು. ಭತ್ತ ಹೊಡೆ ತುಂಬಿ ಭೂಮಿ ಬಸುರಿ ಎಂದು ಬಯಕೆ ಊಟ ಮಾಡಿಸುತ್ತೇವೆ. ನಮ್ಮ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚ ಪುಂಡಿ ನಾರಿನದು, ಆ ಪುಂಡಿಯೂ ಹಿತ್ತಲಿನದೇ. ಆ ರಾತ್ರಿ ಬೇಯುವ ಚರಗಕ್ಕೆ ನೂರೊಂದು ಬಗೆಯ ಕುಡಿ, ಸೊಪ್ಪು ಬೇಕು ಎನ್ನುವುದು ಮಾತು. ನೂರೊಂದು ಯಾರ ಹಿತ್ತಲಲ್ಲೂ ಇರುವುದಿಲ್ಲ. ಹರಿವೆ, ಹೀರೆ, ಕೆಸು, ಅಮಟೆಯ ಚಿಗುರು, ಕಾಡಿನ ಕುಡಿ ಎಂದು ಎಣಿಸುತ್ತ ಹೋದರೆ ನಲವತ್ತಕ್ಕೆ ಉಸಿರು ನಿಲ್ಲುತ್ತದೆ. ಉಳಿದದ್ದಕ್ಕೆ ಪಕ್ಕದವರ ಬೇಲಿ ದಾಟಲೇಬೇಕು. ಹಬ್ಬ ಮಾಡಿದವರ ಉದ್ದೇಶ ಅದೇ ಇತ್ತೋ ಏನೋ, ಆಗುತ್ತಿದ್ದುದು ಮಾತ್ರ ಅದು: ಯಾರ ಹಿತ್ತಲಲ್ಲಿ ಏನಿದೆ ಎಂದು ಇಡೀ ಕೇರಿ ವರ್ಷಕ್ಕೊಮ್ಮೆ ತಪಾಸಣೆ ಮಾಡುತ್ತಿತ್ತು. ನಸುಕಿನಲ್ಲಿ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಬೀರುತ್ತಾರೆ. ಅಪ್ಪ ಕೂಗು ಹಾಕಿದರೆ ಗುಡ್ಡ ತಿರುಗಿ ಕೂಗುತ್ತಿತ್ತು.

ಇನ್ನೊಂದು ದೀಪಾವಳಿ. ಅದರಲ್ಲಿ ಕೊಡುವುದಲ್ಲ, ಕದಿಯುವುದು. ಬೂರೆ ಹಬ್ಬದ ರಾತ್ರಿ ಹುಡುಗರು ಬೇರೆಯವರ ಹಿತ್ತಲಿಗೆ ನುಗ್ಗಿ ಸೌತೆ, ಎಳನೀರು, ಬಾಳೆಗೊನೆ ಹಾರಿಸುತ್ತಾರೆ. ಅದಕ್ಕೆ ಪಂಚಾಯ್ತಿ ಇಲ್ಲ, ಬೈಗುಳ ಮಾತ್ರ ಉಂಟು. ವರ್ಷವಿಡೀ ಕೊಡದ ಜಿಪುಣನ ಹಿತ್ತಲು ಆ ರಾತ್ರಿ ತೆರಿಗೆ ಕಟ್ಟುತ್ತಿತ್ತು ಎನ್ನಿ. ನಾನೂ ಹೋಗಿದ್ದೇನೆ. ಒಮ್ಮೆ ಕತ್ತಲಲ್ಲಿ ಎಳೆದು ತಂದ ಬೂದುಗುಂಬಳ ಬೆಳಿಗ್ಗೆ ನೋಡಿದರೆ ನಮ್ಮ ಹಿತ್ತಲಿನದೇ! ಕದ್ದ ಗಿಡ ಚೆನ್ನಾಗಿ ಚಿಗುರುತ್ತದೆ ಎನ್ನುವ ನಂಬಿಕೆಯೂ ಇದೆಯಲ್ಲ. ಕೆಲವು ಅಮ್ಮಂದಿರು ಡೇರೆ ಗಡ್ಡೆಯನ್ನು ಬೇಲಿಯ ಹತ್ತಿರ ಇಟ್ಟು ಬೇಕೆಂದೇ ಬೆನ್ನು ತಿರುಗಿಸುತ್ತಿದ್ದರು.

ನನ್ನ ಚೀಲ ಹಗುರಾಗುತ್ತ ಹೋದದ್ದು ತೊಂಬತ್ತರ ದಶಕದಲ್ಲಿ. ಬಣ್ಣದ ಪ್ಯಾಕೆಟ್ಟಿನ ಬೀಜ ಬಂತು, ಬಂದ ವರ್ಷ ಚೆನ್ನಾಗಿ ಕಾಯಿತು. ಹೈಬ್ರಿಡ್ಡಿನ ಕಾಯಿಯಿಂದ ತೆಗೆದ ಬೀಜ ಮರುವರ್ಷ ಒಂದೊಂದು ಒಂದೊಂದು ದಿಕ್ಕಿಗೆ ಹೋಯಿತು. ಅಡಿಕೆಗೆ ರೇಟು ಬಂದು ಸಸಿ ಹಿತ್ತಲ ಬಾಗಿಲ ತನಕ ಬಂತು. ಇವೆಲ್ಲ ಎಲ್ಲರೂ ಹೇಳುವ ಕಾರಣಗಳು. ಮನೆ ಮನೆ ತಿರುಗಿದ ನನಗೆ ಕಂಡದ್ದು ಬೇರೆ: ಬೀಜವನ್ನು ಕೊಂದದ್ದು ಗ್ಯಾಸ್ ಒಲೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗಿ ತಾಗಿ ಬೀಜಕ್ಕೆ ಹುಳ ಹಿಡಿಯುತ್ತಿರಲಿಲ್ಲ, ಮಳೆಗಾಲದ ತೇವ ಹತ್ತುತ್ತಿರಲಿಲ್ಲ. ಸಿಲಿಂಡರ್ ಬಂತು, ಹೊಗೆ ಹೋಯಿತು, ಹೆಂಗಸರ ಕಣ್ಣು ಉಳಿಯಿತು. ಅದಕ್ಕೆ ನನ್ನ ತಕರಾರಿಲ್ಲ. ಅವ್ವನ ಕಣ್ಣು ಹೋದದ್ದು ಆ ಹೊಗೆಯಿಂದಲೇ. ಆದರೆ ಎರಡು ಮಳೆಗಾಲದಲ್ಲಿ ಡಬ್ಬಿಯ ಬೀಜವೆಲ್ಲ ಬೂಷ್ಟು. ಆಮೇಲೆ ತಾರಸಿ ಮನೆ ಬಂತು. ಮೊಗೆಕಾಯಿಯನ್ನು ಬಾಳೆಪಟ್ಟೆಯಲ್ಲಿ ತೂಗಿ ಹಾಕಲು ಜಂತೆಯೇ ಇಲ್ಲ. ಸಗಣಿ ಬಿಲ್ಲೆ ತಟ್ಟಲು ಹೋದರೆ ಮಗ ಹೇಳುತ್ತಾನೆ, “ಪೇಂಟ್ ಹಾಳಾಗ್ತದೆ.”

ಉಳಿದದ್ದನ್ನು ಮಂಗ ನೋಡಿಕೊಂಡಿತು. ನಾನು ಚಿಕ್ಕವನಿದ್ದಾಗ ಮಂಗ ಎಂದರೆ ಕಾಯಿಲೆಯ ಭಯ. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಅದು. ಈಗ ಮಂಗ ಹಿತ್ತಲಿನ ಸಹಭಾಗಿ. ಹಂಚಿಕೊಳ್ಳುವುದೆಲ್ಲ ಅದರ ಜೊತೆಗೇ.

ಪೂರ್ತಿ ಮುಗಿಯಿತು ಅನ್ನುವಂತಿಲ್ಲ. ಶಿರಸಿಯಲ್ಲಿ ‘ವನಸ್ತ್ರೀ’ ಎಂಬ ಹೆಂಗಸರ ಬಳಗ ಈ ಶತಮಾನದ ಆರಂಭದಿಂದ ಮಲೆನಾಡಿನ ಹಿತ್ತಲ ಬೀಜಗಳನ್ನು ಒಟ್ಟುಮಾಡುತ್ತಿದೆ, ಮಳೆಗಾಲದ ಹೊಸ್ತಿಲಲ್ಲಿ ಮೇಳ ನಡೆಸುತ್ತದೆ. ಒಮ್ಮೆ ಹೋಗಿದ್ದೆ. ಬುಟ್ಟಿ ಬುಟ್ಟಿ ಬೀಜ, ಗಡ್ಡೆ, ಚೀಟಿ ಅಂಟಿಸಿದ ಪೊಟ್ಟಣ. ಕೆಲವಕ್ಕೆ ಬೆಲೆ ಹಾಕಿದ್ದರು. ಮೊದಲು ಮನಸ್ಸು ಪಿಚ್ಚೆನಿಸಿತು. ಆಮೇಲೆ, ಬಸ್ಸಿಗೆ ದುಡ್ಡು ಕೊಟ್ಟು ಬಂದ ಹೆಂಗಸು ಪುಕ್ಕಟೆ ಯಾಕೆ ಕೊಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅಲ್ಲಿ ಯಾರೋ ಹೇಳಿದರು, 2001ರ ಕೇಂದ್ರ ಕಾಯ್ದೆಯೊಂದರಲ್ಲಿ ರೈತರು ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಅದಲು ಬದಲು ಮಾಡಬಹುದು, ಹಂಚಿಕೊಳ್ಳಬಹುದು ಎಂದು ಬರೆದಿದೆಯಂತೆ. ಅವ್ವ ಬದುಕಿದ್ದರೆ, ಇದಕ್ಕೂ ಅಪ್ಪಣೆ ಬೇಕಿತ್ತೇ ಎಂದು ಕೇಳುತ್ತಿದ್ದಳು.

ನನ್ನ ಚೀಲ ಈಗ ನಡುಮನೆಯ ಗೂಟದಲ್ಲಿದೆ. ಅದರಲ್ಲಿ ಒಮ್ಮೆ ಮರೆತ ಅಲಸಂದೆ ಗಂಟು ಜಡಿಮಳೆಯ ವಾರದಲ್ಲಿ ಚೀಲದೊಳಗೇ ಮೊಳೆತು, ಯಾರದೋ ಇನ್‌ಲ್ಯಾಂಡ್ ಪತ್ರದ ಮಡಿಕೆಗೆ ಬೇರು ಬಿಟ್ಟಿತ್ತು. ಆ ಕಲೆ ಇನ್ನೂ ಇದೆ. ಬೀಜಗಳನ್ನು ಈಗ ಹೆಂಡತಿ ಗಾಜಿನ ಬಾಟಲಿಯಲ್ಲಿ ಬೂದಿ ಹಾಕಿ ಇಡುತ್ತಾಳೆ, ಮೇಲೆ ಚೀಟಿ ಬರೆಯುವ ಕೆಲಸ ನನ್ನದು. ತಳಿಯ ಹೆಸರು ಬರೆಯುವುದಿಲ್ಲ, ವಿಳಾಸ ಬರೆಯುತ್ತೇನೆ: ಯಾವ ಮನೆಯಿಂದ, ಯಾವ ವರ್ಷ, ಆ ಮನೆಗೆ ಎಲ್ಲಿಂದ. ಗೆರೆ ಬದನೆಯ ಚೀಟಿಯಲ್ಲಿ ಕೊನೆಯ ವಿಳಾಸಕ್ಕೆ ಪಿನ್‌ಕೋಡ್ ಇಲ್ಲ.

2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಲಾಂಚಿಗೆ ಕಾಯುವುದು ತಪ್ಪಿತು. ಆಸ್ಪತ್ರೆಗೆ ಹೋಗುವವರಿಗೆ ಇದೇನು ಸಣ್ಣ ಮಾತಲ್ಲ. ಸೇತುವೆ ದಾಟಿ ಮೊದಲು ನಮ್ಮ ಮನೆ ಬಾಗಿಲಿಗೆ ಬಂದದ್ದರಲ್ಲಿ ತರಕಾರಿ ಗಾಡಿಯೂ ಒಂದು. ಮೈಕಿನಲ್ಲಿ ಕೂಗುತ್ತ ಬರುತ್ತದೆ: ಟೊಮೆಟೊ, ಕೋಸು, ಬೀನ್ಸು. ಡ್ರೈವರು ಬಯಲುಸೀಮೆ ಕಡೆಯ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ಇರಬೇಕು. ನಾವೂ ತಗೊಳ್ಳುತ್ತೇವೆ, ಟೊಮೆಟೊ ನಮ್ಮ ಮಳೆಗೆ ನಿಲ್ಲುವುದಿಲ್ಲ. ಕಳೆದ ಸಲ ಅವನು ಚಿಲ್ಲರೆ ಎಣಿಸುತ್ತಿದ್ದಾಗ ಹೆಂಡತಿ ಒಳಗಿಂದ ಒಂದು ಮೊಗೆಕಾಯಿ ತಂದು ಅವನ ಕೈಗಿಟ್ಟಳು. ಅವನು ಅದನ್ನು ತಿರುಗಿಸಿ ನೋಡಿದ. ಗಾಡಿಗೆ ಹಾಕಲು ಕೊಡುತ್ತಿದ್ದಾಳೆ ಅಂದುಕೊಂಡನೋ ಏನೋ, “ಇದು ಕೇಜಿ ಎಷ್ಟಕ್ಕೆ ಅಮ್ಮಾ?” ಎಂದ.

“ದುಡ್ಡು ಎಂಥಕ್ಕೆ ಮಾರಾಯ. ಹುಳಿ ಮಾಡ್ಕಂಡು ಉಣ್ಣು. ಬೀಜ ತೊಳೆದು ಬೂದಿ ಹಾಕಿ ಒಣಗ್ಸು, ನಿನ್ನ ಅವ್ವಂಗೆ ಕೊಡು.”

ಅವನು ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡೇ ನಿಂತ. ಆಮೇಲೆ ಹಿಂದಿನ ರಾಶಿಗೆ ಹಾಕದೆ, ಬಾಗಿಲು ತೆಗೆದು ತನ್ನ ಸೀಟಿನ ಪಕ್ಕದಲ್ಲಿ ಇಟ್ಟುಕೊಂಡು, ಉರುಳದ ಹಾಗೆ ಅಡ್ಡಕ್ಕೆ ಟವಲು ಕೊಟ್ಟ.